ನೇತ್ರಾಣಿಗೆ ಹೋಗುವ ಮುನ್ನ: ಹವಳಕ್ಕೆ ಪೆಟ್ಟಾಗದಂತೆ ಸ್ಕೂಬಾ ಡೈವಿಂಗ್ ಮಾಡುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಬರುವ ಜನವರಿಯಲ್ಲಿ ನಮ್ಮ ಯಜಮಾನರು, ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಮತ್ತು ನಾನು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಬೇಕೆಂದಿದ್ದೇವೆ. ಇಷ್ಟವಾದರೆ ಮುಂದಿನ ವರ್ಷ ಲಕ್ಷದ್ವೀಪಕ್ಕೂ ಹೋಗುವ ಆಸೆಯಿದೆ. ಯಜಮಾನರು ವಿ.ಸಿ. ನಾಲೆಯಲ್ಲಿ ಈಜು ಕಲಿತವರು. ನನಗೆ ಈಜು ಅಷ್ಟಾಗಿ ಬಾರದು. ಪ್ರವಾಸಿಗರಿಂದ ಹವಳ ಹಾಳಾಗುತ್ತಿದೆ ಎಂದು ಓದಿದ ಮೇಲೆ ಹೋಗುವುದೇ ತಪ್ಪೇನೋ ಎನ್ನಿಸುತ್ತಿದೆ. ಹೋಗುವುದಾದರೆ ನಾವು ಏನನ್ನು ಕಲಿತಿರಬೇಕು, ಎಂಥವರ ಜೊತೆ ಹೋಗಬೇಕು, ಸನ್‌ಸ್ಕ್ರೀನ್ ಹಚ್ಚಿಕೊಳ್ಳಬಹುದೇ? ನಮ್ಮ ಅತ್ತೆಯವರು ಮನೆಗೆ ದೃಷ್ಟಿಯಾಗದಿರಲೆಂದು ‘ಇಂದ್ರಜಾಲ’ ಸಿಕ್ಕರೆ ತರಲು ಹೇಳಿದ್ದಾರೆ, ತರಬಹುದೇ? ಭಾನುವಾರ ಮಧ್ಯಾಹ್ನ ಡೈವ್ ಮುಗಿಸಿ ಅದೇ ರಾತ್ರಿ ಮೈಸೂರು ಸೇರಬಹುದೇ?

ಉತ್ತರ: ಹೋಗುವುದು ತಪ್ಪಲ್ಲ, ಖಂಡಿತವಾಗಿ ಹೋಗಿ ಬನ್ನಿ. ಆದರೆ ಜನವರಿಯವರೆಗೆ ಉಳಿದಿರುವ ಸಮಯವನ್ನು ನೀರಿನಲ್ಲಿ ಅಲುಗಾಡದೆ ಇರುವುದನ್ನು ಕಲಿಯಲು ಬಳಸಿಕೊಳ್ಳಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಹವಳದ ಬಂಡೆಗಳ ಬಳಿ ಡೈವರ್‌ಗಳಿಂದ ಆಗುವ ಹಾನಿಯಲ್ಲಿ ಬೇಕೆಂದೇ ಮುರಿದದ್ದು ಬಹಳ ಕಡಿಮೆ. ಬಹುಪಾಲು ಹಾನಿ ಆಗುವುದು, ತನ್ನ ದೇಹವನ್ನು ನೀರಿನೊಳಗೆ ಹಿಡಿತದಲ್ಲಿಟ್ಟುಕೊಳ್ಳಲು ಇನ್ನೂ ಕಲಿಯದ, ಒಳ್ಳೆಯ ಮನಸ್ಸಿನ ಪ್ರವಾಸಿಯು ಕಾಲಿಗೆ ತೊಟ್ಟ, ರೆಕ್ಕೆಯಂತೆ ಅಗಲವಾದ ಫಿನ್‌ನಿಂದ. ಹಾಗೆ ಆದದ್ದು ಅನೇಕ ವೇಳೆ ಆ ವ್ಯಕ್ತಿಗೆ ತಿಳಿಯುವುದೂ ಇಲ್ಲ, ಏಕೆಂದರೆ ಪೆಟ್ಟು ಬೀಳುವುದು ಬೆನ್ನ ಹಿಂದೆ.

ಮೊದಲು ನಿಮ್ಮ ಅಳುಕಿನ ವಿಷಯಕ್ಕೆ ಬರುತ್ತೇನೆ. ಇಂದು ಜಗತ್ತಿನ ಹವಳಕ್ಕೆ ಎದುರಾಗಿರುವ ಅತಿ ದೊಡ್ಡ ಕಂಟಕವೆಂದರೆ ಸಮುದ್ರದ ಬಿಸಿ. ಪ್ರವಾಸಿಯ ಪಾಲು ಅದಕ್ಕೆ ಹೋಲಿಸಿದರೆ ಚಿಕ್ಕದು. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ವಾಸಿಸುತ್ತವೆ. ಬಿಸಿಲನ್ನು ಬಳಸಿ ಅವು ತಯಾರಿಸುವ ಸಕ್ಕರೆಯೇ ಹವಳದ ಆಹಾರದ ಮುಖ್ಯ ಭಾಗ. ಹವಳದ ಬಣ್ಣವೂ ಬಹುಮಟ್ಟಿಗೆ ಅವುಗಳದ್ದೇ. ನೀರಿನ ಉಷ್ಣತೆ ಆ ಜಾಗದ ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಏರಿ ಕೆಲವು ವಾರ ಹಾಗೆಯೇ ನಿಂತುಬಿಟ್ಟರೆ ಈ ಸಹಬಾಳ್ವೆ ಮುರಿದುಬೀಳುತ್ತದೆ. ಹವಳವು ಪಾಚಿಯನ್ನು ಹೊರಹಾಕುತ್ತದೆ, ಪಾರದರ್ಶಕವಾದ ಮೈಯ ಮೂಲಕ ಒಳಗಿನ ಸುಣ್ಣದ ಅಸ್ಥಿ ಬೆಳ್ಳಗೆ ಕಾಣತೊಡಗುತ್ತದೆ. ಬಿಳಿಚಿಕೊಂಡ ಹವಳ ಸತ್ತ ಹವಳವಲ್ಲ, ಹಸಿದ ಹವಳ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಉಪವಾಸದಿಂದ ಸಾಯುತ್ತದೆ. 1998, 2010 ಮತ್ತು 2014–17ರಲ್ಲಿ ಜಗತ್ತಿನಾದ್ಯಂತ ಹೀಗಾಯಿತು. ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಈ ಸಲ ಜಗತ್ತಿನ ಹವಳದ ಬಂಡೆಗಳ ಪ್ರದೇಶದಲ್ಲಿ ಶೇ 84ರಷ್ಟು, ಬಿಳಿಚಿಕೊಳ್ಳುವ ಮಟ್ಟದ ಬಿಸಿಗೆ ಸಿಕ್ಕಿಕೊಂಡಿತು. ನೀವು ಹೋಗಬೇಕೆಂದಿರುವ ಲಕ್ಷದ್ವೀಪವೂ ಇದರಿಂದ ಪಾರಾಗಲಿಲ್ಲ. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆದ ಅಧ್ಯಯನದಲ್ಲಿ, ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿರುವುದು ದಾಖಲಾಗಿದೆ.

ಬಿಸಿಯೇ ಇಷ್ಟೆಲ್ಲ ಮಾಡುತ್ತಿರುವಾಗ ನಮ್ಮ ಒಂದು ಕಾಲಿನ ಪೆಟ್ಟು ಯಾವ ಲೆಕ್ಕ ಎಂದು ಕೆಲವರು ಕೇಳುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಬಿಸಿಯಿಂದ ಬಳಲಿದ ಹವಳದ ದಿಬ್ಬ ಮತ್ತೆ ಎದ್ದು ನಿಲ್ಲುವುದೋ ಇಲ್ಲವೋ ಎಂಬುದು ಆ ಜಾಗದ ಸ್ಥಿತಿಯ ಮೇಲೆ ನಿಂತಿದೆ. ನೀರು ತಿಳಿಯಾಗಿರಬೇಕು, ಪಾಚಿಯನ್ನು ಮೇಯುವ ಗಿಳಿಮೀನಿನಂಥ ಮೀನುಗಳು ಸಾಕಷ್ಟಿರಬೇಕು, ಎಳೆಯ ಹವಳ ಬಂದು ಅಂಟಿಕೊಳ್ಳಲು ಅಲುಗಾಡದ ಗಟ್ಟಿ ನೆಲ ಇರಬೇಕು, ಬದುಕುಳಿದ ಹವಳಕ್ಕೆ ಹೊಸ ಗಾಯಗಳಾಗಬಾರದು. ಉಷ್ಣತೆಯನ್ನು ಇಳಿಸುವುದು ನಿಮ್ಮೊಬ್ಬರಿಂದ ಆಗದ ಮಾತು. ಗಾಯ ಮಾಡದಿರುವುದು ನಿಮ್ಮೊಬ್ಬರಿಂದಲೇ ಆಗುವ ಮಾತು. ಸ್ಥಳೀಯ ಹಾನಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ತಮಿಳುನಾಡಿನ ಮನ್ನಾರ್ ಕೊಲ್ಲಿಯನ್ನು ನೋಡಬಹುದು. ಅಲ್ಲಿ ಸುಣ್ಣಕ್ಕಾಗಿ ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಿದರು. ಈ ಗಣಿಗಾರಿಕೆ ನಿಂತದ್ದು 2005ರ ಹೊತ್ತಿಗೆ. ಅಷ್ಟರಲ್ಲಿ ಅಲೆಯ ಹೊಡೆತವನ್ನು ತಡೆಯುವ ದಿಬ್ಬ ಇಲ್ಲದೆ ವಾನ್ ದ್ವೀಪದಂಥ ಪುಟ್ಟ ದ್ವೀಪಗಳು ಕರಗತೊಡಗಿದ್ದವು. ಹವಳದ ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ ಶೇ 97ರಷ್ಟು ತಗ್ಗಿಸುತ್ತವೆ ಎಂಬುದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ.

ಈಗ ಹವಳವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಾಯ ಎಂದರೆ ಏನು ಎಂಬುದು ಅರ್ಥವಾದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ. ನೀವು ನೇತ್ರಾಣಿಯಲ್ಲಿ ನೋಡಲಿರುವ ದುಂಡು ಬಂಡೆಯಂಥ ಹವಳದ ಮೇಲ್ಮೈಯಲ್ಲಿ ಸಾವಿರಾರು ಪುಟ್ಟ ಗುಳಿಗಳಿರುತ್ತವೆ. ಪ್ರತಿ ಗುಳಿಯೊಳಗೂ ಒಂದು ಪಾಲಿಪ್, ಅಂದರೆ ಬಾಯಿಯ ಸುತ್ತ ಎಳೆಗೈಗಳಿರುವ ಒಂದು ಮೆತ್ತನೆಯ ಪ್ರಾಣಿ ಕುಳಿತಿರುತ್ತದೆ. ಎಲ್ಲ ಪಾಲಿಪ್‌ಗಳನ್ನೂ ಒಂದಕ್ಕೊಂದು ಸೇರಿಸುವ ಜೀವಂತ ಪದರ ಹಾಲಿನ ಕೆನೆಯಷ್ಟು ತೆಳು. ಅದರ ಕೆಳಗಿರುವುದೆಲ್ಲ ಅವೇ ಕಟ್ಟಿದ ಸುಣ್ಣದ ಅಸ್ಥಿ, ಮತ್ತು ಗುಳಿಗಳ ಅಂಚು ಹರಿತವಾಗಿರುತ್ತದೆ. ನೀವು ಬೆರಳಿನಿಂದ ಮೆಲ್ಲಗೆ ಒತ್ತಿದರೂ ಆ ತೆಳು ಪದರ ನಿಮ್ಮ ಬೆರಳಿಗೂ ಹರಿತವಾದ ಅಸ್ಥಿಗೂ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಮೇಲಿನಿಂದ ಏನೂ ಆದಂತೆ ಕಾಣುವುದಿಲ್ಲ. ಕೆಲವು ದಿನಗಳಲ್ಲಿ ಆ ಜಾಗಕ್ಕೆ ದಾರದಂಥ ಪಾಚಿ ಬಂದು ಕೂರುತ್ತದೆ. ಆರೋಗ್ಯವಂತ ಹವಳ ಅಂಚಿನಿಂದ ಮತ್ತೆ ಬೆಳೆದು ಗಾಯವನ್ನು ಮುಚ್ಚಿಕೊಳ್ಳಬಹುದು. ಬಿಸಿಯಿಂದ ಬಳಲಿದ್ದರೆ ಪಾಚಿಯೇ ಗೆಲ್ಲುತ್ತದೆ. ದುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ ಎಂಬುದನ್ನು ನೆನಪಿಡಿ. ನಿಮ್ಮ ಮೊಣಕಾಲಿನ ಎತ್ತರಕ್ಕೆ ಬೆಳೆದು ನಿಂತಿರುವ ಹವಳ ನಿಮ್ಮ ತಮ್ಮನಿಗಿಂತ ಹಿರಿಯದಿರಬಹುದು. ಕವಲೊಡೆದು ಬೆಳೆಯುವ ಜಾತಿಗಳು ವರ್ಷಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಬೆಳೆಯುತ್ತವೆ, ಆದರೆ ಅಷ್ಟೇ ಸುಲಭವಾಗಿ ಫಿನ್‌ನ ಒಂದೇ ಪೆಟ್ಟಿಗೆ ಮುರಿಯುತ್ತವೆ.

ಇನ್ನು ಮುಖ್ಯ ವಿಷಯ. ಡೈವರ್‌ಗಳು ‘ಬಾಯನ್ಸಿ’ ಎಂದು ಕರೆಯುವ ತೇಲುವಿಕೆಯ ಹಿಡಿತವೇ ಹವಳವನ್ನು ಕಾಯುವ ವಿದ್ಯೆ. ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ, ನೆಲಕ್ಕೆ ಸಮಾನಾಂತರವಾಗಿ ಮೈಯನ್ನು ಮಲಗಿಸಿ, ಕೈ ಆಡಿಸದೆ ನಿಲ್ಲುವುದು ಇದರ ಗುರಿ. ಹೊಸಬರಿಗೆ ಇದು ಕಷ್ಟವಾಗುವುದಕ್ಕೆ ಮೊದಲ ಕಾರಣ ಸೊಂಟದ ಸೀಸದ ತೂಕ. ಬೇಗ ಮುಳುಗಲೆಂದು ಕೆಲವು ಕಡೆ ಹೊಸಬರಿಗೆ ಬೇಕಾದುದಕ್ಕಿಂತ ಹೆಚ್ಚು ತೂಕ ಕಟ್ಟುತ್ತಾರೆ. ಆ ಹೆಚ್ಚುವರಿ ತೂಕವನ್ನು ಸರಿದೂಗಿಸಲು, ಬಿಸಿಡಿ ಎನ್ನುವ ಗಾಳಿ ತುಂಬುವ ಅಂಗಿಗೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ತೂಕ ಸೊಂಟವನ್ನು ಕೆಳಕ್ಕೆಳೆಯುತ್ತದೆ, ಗಾಳಿ ಎದೆಯನ್ನು ಮೇಲಕ್ಕೆತ್ತುತ್ತದೆ. ಪರಿಣಾಮವಾಗಿ ಮನುಷ್ಯ ನೀರಿನಲ್ಲಿ ಮಲಗುವುದರ ಬದಲು ಓರೆಯಾಗಿ ನಿಂತುಬಿಡುತ್ತಾನೆ, ಅವನ ಫಿನ್‌ಗಳು ನೇರವಾಗಿ ಹವಳದ ಕಡೆಗೆ ಇಳಿಬಿದ್ದಿರುತ್ತವೆ, ಮತ್ತು ಮುಂದೆ ಸಾಗಲು ಆತ ಕಾಲು ಬಡಿದಾಗಲೆಲ್ಲ ಒಂದೋ ಹವಳಕ್ಕೆ ಪೆಟ್ಟು ಬೀಳುತ್ತದೆ, ಇಲ್ಲವೇ ಮರಳೆದ್ದು ಹವಳದ ಮೇಲೆ ಕೂರುತ್ತದೆ. ಬಿಸಿಡಿಯ ಗಾಳಿಯನ್ನು ಪೂರ್ತಿ ಬಿಟ್ಟು, ಸಾಧಾರಣ ಉಸಿರು ಹಿಡಿದು ನೀರಿನಲ್ಲಿ ನೆಟ್ಟಗೆ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ತೂಕ ಸರಿಯಿದೆ ಎಂಬುದಕ್ಕೆ ಇದು ಗುರುತು. ಸಿಲಿಂಡರ್ ತುಂಬಿರುವಾಗ ಈ ಪರೀಕ್ಷೆ ಮಾಡಿದರೆ, ಡೈವ್ ಮುಗಿಯುವಾಗ ಖಾಲಿಯಾಗಿರುವ ಗಾಳಿಯ ತೂಕಕ್ಕಾಗಿ ಸುಮಾರು ಎರಡು ಕಿಲೋ ಸೇರಿಸಿಕೊಳ್ಳಬೇಕು.

ಮೈಸೂರಿನ ಈಜುಕೊಳದಲ್ಲಿ ಅಭ್ಯಾಸ ಮಾಡಿದವರು ಒಂದು ಲೆಕ್ಕವನ್ನು ಮರೆಯಬಾರದು. ಸಮುದ್ರದ ನೀರು ಸಿಹಿನೀರಿಗಿಂತ ಶೇ 2.5ರಷ್ಟು ಸಾಂದ್ರವಾದದ್ದು. ನಿಮ್ಮ ಮತ್ತು ಸಲಕರಣೆಗಳ ಒಟ್ಟು ತೂಕ 100 ಕಿಲೋ ಇದ್ದರೆ ಕೊಳದಲ್ಲಿ ಸರಿಹೋದ ಸೀಸಕ್ಕಿಂತ ಎರಡೂವರೆ ಕಿಲೋ ಹೆಚ್ಚು ಸಮುದ್ರದಲ್ಲಿ ಬೇಕಾಗುತ್ತದೆ. ದೋಣಿಯಲ್ಲಿ ಅಂದಾಜಿನ ಮೇಲೆ ಬೆಲ್ಟ್ ಕಟ್ಟಲು ಬಂದರೆ, ನೀರಿಗಿಳಿದ ಮೇಲೆ ಒಮ್ಮೆ ಪರೀಕ್ಷಿಸೋಣ ಎಂದು ವಿನಯದಿಂದಲೇ ಕೇಳಿ. ನಿಜವಾದ ಮಾರ್ಗದರ್ಶಕರಿಗೆ ಇದರಿಂದ ಸಂತೋಷವೇ ಆಗುತ್ತದೆ.

ಎರಡನೆಯ ಕಾರಣ ಉಸಿರು. ಒಂದು ಲೀಟರ್ ಗಾಳಿ ಎಳೆದುಕೊಂಡರೆ ಒಂದು ಕಿಲೋದಷ್ಟು ಮೇಲೆತ್ತುವ ಬಲ ಬರುತ್ತದೆ. ಗಾಬರಿಯಲ್ಲಿರುವವರು ಬೇಗ ಬೇಗ ಎಳೆದುಕೊಂಡು ಅರೆಬರೆ ಬಿಡುತ್ತಾರೆ. ಹಾಗಾಗಿ ಅವರು ಮೇಲೇಳುತ್ತಾರೆ, ಮೇಲೇಳುತ್ತಿದ್ದೇನೆ ಎಂದು ಮತ್ತಷ್ಟು ಗಾಬರಿಯಾಗಿ ಗಾಳಿ ಬಿಟ್ಟಾಗ ಒಮ್ಮೆಲೆ ಇಳಿಯುತ್ತಾರೆ, ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಸಿಗುವುದು ಹವಳ. ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನ ಎರಡರಷ್ಟಿರುತ್ತದೆ ಮತ್ತು ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಅಂದರೆ ಮೊದಲ ಹತ್ತು ಮೀಟರಿನಲ್ಲಿ ಆಗುವಷ್ಟು ಏರುಪೇರು ಅದಕ್ಕಿಂತ ಆಳದ ಯಾವ ಹತ್ತು ಮೀಟರಿನಲ್ಲೂ ಆಗುವುದಿಲ್ಲ. ಹೊಸಬರನ್ನು ಕರೆದೊಯ್ಯುವುದು ಇದೇ ಆಳಕ್ಕೆ. ಬಿಸಿಲು ಚೆನ್ನಾಗಿ ಇಳಿಯುವುದರಿಂದ ಹವಳ ಹುಲುಸಾಗಿ ಬೆಳೆಯುವುದೂ ಇದೇ ಆಳದಲ್ಲಿ. ನಿಮ್ಮ ಪ್ರಾಣಕ್ಕೆ ಒಳ್ಳೆಯದಾದ ನಿಧಾನವಾದ ದೀರ್ಘ ಉಸಿರೇ ಹವಳಕ್ಕೂ ಒಳ್ಳೆಯದು ಎಂದು ನಾನು ಕಲಿಯಲು ಬಂದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನೀರಿನೊಳಗೆ ಮುಳುಗಿರುವಾಗ ಉಸಿರನ್ನು ಮಾತ್ರ ಎಂದೂ ಕಟ್ಟಬಾರದು. ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು.

ನಿಮ್ಮ ಯಜಮಾನರ ನಾಲೆಯ ಈಜಿನ ಬಗ್ಗೆ ಒಂದು ಮಾತು. ವಿ.ಸಿ. ನಾಲೆಯ ಹರಿವಿನಲ್ಲಿ ಈಜಿ ಬೆಳೆದವರಿಗೆ ನೀರಿನ ಭಯವಿರುವುದಿಲ್ಲ, ಅದು ದೊಡ್ಡ ಬಲ. ಆದರೆ ಅಲ್ಲಿ ಕೈ ಬೀಸಿ, ಕಾಲು ಬಡಿದು, ಹರಿವನ್ನು ಸೀಳಿಕೊಂಡು ದಡ ಸೇರುವುದೇ ಈಜು. ಹವಳದ ಬಳಿ ಆ ಅಭ್ಯಾಸವನ್ನೆಲ್ಲ ಬಿಟ್ಟುಬಿಡಬೇಕು. ಕೈಗಳನ್ನು ಎದೆಯ ಮುಂದೆ ಕಟ್ಟಿಕೊಳ್ಳಬೇಕು, ಮಂಡಿ ಮಡಿಸಿ ಪಾದಗಳನ್ನು ಮೇಲಕ್ಕೆತ್ತಿ, ಕಪ್ಪೆ ಈಜಿನಲ್ಲಿ ಮಾಡುವಂತೆ ನೀರನ್ನು ಪಕ್ಕದಿಂದ ಹಿಂದಕ್ಕೆ ತಳ್ಳಬೇಕು. ಹಾಗೆ ಮಾಡಿದರೆ ಕೆಳಗಿನ ಮರಳು ಏಳುವುದಿಲ್ಲ. ಈಜು ಚೆನ್ನಾಗಿ ಬರುವವರು ಈ ಬದಲಾವಣೆಗೆ ಹೆಚ್ಚು ಸಮಯ ತೆಗೆದುಕೊಳ್ಳುವುದನ್ನು ನಾನು ಕಂಡಿದ್ದೇನೆ; ಈಜು ಬಾರದ ನೀವು ಅವರಿಗಿಂತ ಬೇಗ ಕಲಿತರೆ ಆಶ್ಚರ್ಯಪಡಬೇಡಿ.

ಏನು ಕಲಿತು ಹೋಗಬೇಕು ಎಂಬ ನಿಮ್ಮ ಪ್ರಶ್ನೆಗೆ ಎರಡು ದಾರಿಗಳಿವೆ. ಒಂದು, ಒಂದೇ ದಿನದ ಪರಿಚಯದ ಡೈವ್. ಇದರಲ್ಲಿ ಗರಿಷ್ಠ ಆಳ 12 ಮೀಟರ್, ಮಾರ್ಗದರ್ಶಕರು ನಿಮ್ಮ ಸಿಲಿಂಡರನ್ನು ಹಿಡಿದುಕೊಂಡೇ ಕರೆದೊಯ್ಯುತ್ತಾರೆ, ತೇಲುವಿಕೆಯ ಹೊಣೆ ಅವರದ್ದು. ಎರಡು, ‘ಓಪನ್ ವಾಟರ್’ ಎಂಬ ಮೂರ್ನಾಲ್ಕು ದಿನಗಳ ತರಬೇತಿ. ಕೊಳದಲ್ಲಿ ಅಭ್ಯಾಸ, ಪಾಠ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಮುಗಿಸಿದವರಿಗೆ 18 ಮೀಟರ್‌ವರೆಗೆ ಇಳಿಯುವ ಅರ್ಹತೆ ಸಿಗುತ್ತದೆ. ಇದಕ್ಕೆ ಕನಿಷ್ಠ 200 ಮೀಟರ್ ಈಜಬೇಕು ಮತ್ತು ಹತ್ತು ನಿಮಿಷ ಆಸರೆಯಿಲ್ಲದೆ ತೇಲಬೇಕು. ಲಕ್ಷದ್ವೀಪದ ಆಸೆ ನಿಜವಾಗಿದ್ದರೆ ಎರಡನೆಯದನ್ನೇ ಮಾಡಿ. ನೇತ್ರಾಣಿಗೆ ಜನವರಿಯಲ್ಲಿ ಮೊದಲನೆಯದು ಸಾಕು. ಅಲ್ಲಿಯವರೆಗೆ ಸರಸ್ವತಿಪುರಂನಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳದಲ್ಲೋ ಮಂಡ್ಯದಲ್ಲಿ ನಿಮಗೆ ಹತ್ತಿರವಾದ ಕೊಳದಲ್ಲೋ ಮಾಸ್ಕ್ ಮತ್ತು ಸ್ನಾರ್ಕೆಲ್ (ಬಾಯಲ್ಲಿ ಕಚ್ಚಿಕೊಳ್ಳುವ ಉಸಿರುಕೊಳವೆ) ಹಾಕಿಕೊಂಡು, ಮುಖ ಮುಳುಗಿಸಿ, ಬಾಯಿಯಿಂದ ನಿಧಾನವಾಗಿ ಉಸಿರಾಡುತ್ತ ತೇಲುವುದನ್ನು ಅಭ್ಯಾಸ ಮಾಡಿ. ಮಾಸ್ಕ್‌ನೊಳಗೆ ನೀರು ಬಂದಾಗ ಮೂಗಿನಿಂದ ಗಾಳಿಯೂದಿ ಹೊರಹಾಕುವುದನ್ನು ಗಾಬರಿಯಿಲ್ಲದೆ ಮಾಡಲು ಬಂದರೆ ಅರ್ಧ ಕೆಲಸ ಮುಗಿದಂತೆ. ಹೊರಡುವ ಮುಂಚೆ ವೈದ್ಯಕೀಯ ಪ್ರಶ್ನಾವಳಿಯನ್ನು ಪ್ರಾಮಾಣಿಕವಾಗಿ ತುಂಬಿ. ಉಬ್ಬಸ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆ ಬೇಕು. ನೆಗಡಿಯಿದ್ದ ದಿನ ನೀರಿಗಿಳಿಯಬೇಡಿ, ಕಿವಿಯ ಒತ್ತಡ ಸರಿಹೋಗುವುದಿಲ್ಲ.

ಯಾರ ಜೊತೆ ಹೋಗಬೇಕು? ಹೆಸರು ಸೂಚಿಸುವುದಕ್ಕಿಂತ ಕೇಳಬೇಕಾದ ಪ್ರಶ್ನೆಗಳನ್ನು ಕೊಡುತ್ತೇನೆ. ನೇತ್ರಾಣಿ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ, ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದೆ, ಜನವರಿ ಒಳ್ಳೆಯ ಕಾಲ. ದ್ವೀಪದ ಬಳಿ ದೋಣಿಯನ್ನು ಹೇಗೆ ನಿಲ್ಲಿಸುತ್ತೀರಿ ಎಂದು ಮೊದಲು ಕೇಳಿ. ಶಾಶ್ವತವಾಗಿ ಕಟ್ಟಿದ ತೇಲುಬುರುಡೆಗೆ ಹಗ್ಗ ಬಿಗಿಯುವುದು ಉತ್ತಮ, ಮರಳಿರುವ ಕಡೆ ಲಂಗರು ಹಾಕುವುದು ಪರವಾಗಿಲ್ಲ, ಹವಳದ ಮೇಲೆ ಲಂಗರು ಎಸೆಯುವುದು ಸಲ್ಲದು. ಒಂದು ಲಂಗರು ಸರಪಳಿ ಅಲೆಗೆ ಸಿಕ್ಕಿ ಅತ್ತಿತ್ತ ಎಳೆದಾಡಿದರೆ, ನೂರು ಜನ ಹೊಸಬರ ಫಿನ್‌ಗಳಿಂದ ಆಗದಷ್ಟು ಹಾನಿಯನ್ನು ಅರ್ಧ ಗಂಟೆಯಲ್ಲಿ ಮಾಡಬಲ್ಲದು. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ ಹೊಸಬರು ಎಂಬುದು ಎರಡನೆಯ ಪ್ರಶ್ನೆ. ಮೊದಲ ಸಲ ಇಳಿಯುವ ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಕರಿರುವುದು ಕ್ಷೇಮ. ಮೊದಲ ಅಭ್ಯಾಸವನ್ನು ಮರಳಿನ ಮೇಲೆ ಮಾಡಿಸುತ್ತೀರೋ ಹವಳದ ಮೇಲೋ ಎಂಬುದು ಮೂರನೆಯದು.

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಬಹಳ ಉಪಯುಕ್ತ. ಸಂಶೋಧಕರು ಡೈವರ್‌ಗಳನ್ನು ನೀರಿನೊಳಗೆ ಹಿಂಬಾಲಿಸಿ, ಯಾರು ಎಷ್ಟು ಸಲ ಹವಳವನ್ನು ಮುಟ್ಟಿದರು ಎಂದು ಬರೆದುಕೊಂಡರು. ದೋಣಿಯ ಮೇಲೆ ಹೇಳಿದ ಚುಟುಕಾದ ಎಚ್ಚರಿಕೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಮಾರ್ಗದರ್ಶಕರು ನೀರಿನೊಳಗೇ ತಡೆದು ತಿದ್ದಿದಾಗ ಮುಟ್ಟುವುದು ಗಣನೀಯವಾಗಿ ಕಡಿಮೆಯಾಯಿತು. ಕ್ಯಾಮೆರಾ ಹಿಡಿದವರು ಉಳಿದವರಿಗಿಂತ ಹೆಚ್ಚು ಮುಟ್ಟುತ್ತಿದ್ದರು. ಆದ್ದರಿಂದ ನಿಮ್ಮ ಮಾರ್ಗದರ್ಶಕರಿಗೆ ಮೊದಲೇ ಹೇಳಿಡಿ: ನಾವು ಹವಳದ ಹತ್ತಿರ ಹೋದರೆ ದಯವಿಟ್ಟು ಹಿಂದಕ್ಕೆಳೆಯಿರಿ, ನಮಗೆ ಬೇಸರವಿಲ್ಲ. ಅವರು ಸುಮ್ಮನಿರುವುದಕ್ಕೆ ಬಹುತೇಕ ಕಾರಣ, ಗಿರಾಕಿಗೆ ಬೇಜಾರಾದೀತು ಎಂಬ ಹಿಂಜರಿಕೆ. ಮೊದಲ ಡೈವ್‌ನಲ್ಲಿ ಕ್ಯಾಮೆರಾ ಒಯ್ಯಲೇಬೇಡಿ. ದುಂಡು ಹವಳದ ಮೇಲೆ ಮಂಡಿಯೂರಿ, ಕ್ಯಾಮೆರಾಕ್ಕೆ ಬೆರಳಿನಿಂದ ಹೃದಯದ ಗುರುತು ಮಾಡಿ ತೋರಿಸುತ್ತಿದ್ದ ದಂಪತಿಗಳನ್ನು ನಾನೇ ನೋಡಿದ್ದೇನೆ. ಅವರು ಎದ್ದು ಹೋದ ಮೇಲೆ ಆ ಕಂದು ಮೈಯ ಮೇಲೆ ಎರಡು ಜೊತೆ ಮಂಡಿಗಳ ಗುರುತು ಮಾಸಲು ಬಿಳಿಯಾಗಿ ಉಳಿದಿತ್ತು. ಅದು ಪ್ರಾಣಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ನೋವು ನನಗೆ ಇಂದಿಗೂ ಇದೆ.

ನೀರಿನೊಳಗೆ ಹವಳದಿಂದ ಕನಿಷ್ಠ ಒಂದು ಮೀಟರ್ ದೂರದಲ್ಲಿರಿ. ನೇತಾಡುವ ಗಾಳಿಯ ಒತ್ತಡದ ಮೀಟರ್ ಮತ್ತು ಹೆಚ್ಚುವರಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಅನ್ನು ಬಿಸಿಡಿಗೆ ಸಿಕ್ಕಿಸಿಕೊಳ್ಳಿ, ಇಲ್ಲವಾದರೆ ಅವು ಹವಳವನ್ನು ತರಚುತ್ತ ಬರುತ್ತವೆ. ಆಮೆ ಕಂಡರೆ ಬೆನ್ನಟ್ಟಬೇಡಿ. ಅದು ಉಸಿರಿಗಾಗಿ ಮೇಲೆ ಹೋಗಲೇಬೇಕಾದ ಪ್ರಾಣಿ, ದಾರಿ ಅಡ್ಡಗಟ್ಟಿದರೆ ಅದಕ್ಕೆ ಪ್ರಾಣಸಂಕಟ. ಪಕ್ಕದಲ್ಲಿ ಸುಮ್ಮನಿದ್ದರೆ ಅನೇಕ ಸಲ ಅದೇ ಹತ್ತಿರ ಬರುತ್ತದೆ. ಮೀನಿಗೆ ಬ್ರೆಡ್ಡು, ಬಿಸ್ಕತ್ತು ಹಾಕುವುದನ್ನು ಕೆಲವು ಕಡೆ ಪ್ರದರ್ಶನವಾಗಿಯೇ ಮಾಡುತ್ತಾರೆ. ಪಾಚಿ ಮೇಯಬೇಕಾದ ಮೀನು ಬ್ರೆಡ್ಡಿಗೆ ಕಾದು ನಿಂತರೆ ದಿಬ್ಬದ ಕೆಲಸ ಕೆಡುತ್ತದೆ, ಅಂಥ ಕಡೆ ಬೇಡ ಎನ್ನಿ. ಸಿಂಹಮೀನು, ಕಲ್ಲುಮೀನು ಮುಂತಾದವುಗಳ ಮುಳ್ಳಿನಲ್ಲಿ ವಿಷವಿದೆ, ಬೆಂಕಿ ಹವಳ ಮುಟ್ಟಿದರೆ ಉರಿಯೇಳುತ್ತದೆ, ಹಾಗಾಗಿ ಏನನ್ನೂ ಮುಟ್ಟದಿರುವುದು ನಿಮಗೂ ಕ್ಷೇಮ. ಲಕ್ಷದ್ವೀಪದಲ್ಲಿ ಹವಳದ ದಿಬ್ಬದ ಒಳಗಿನ ಶಾಂತ ಕೊಳದಂಥ ಲಗೂನ್‌ಗಳಲ್ಲಿ ನೀರು ಎದೆಮಟ್ಟದ್ದಾಗಿರುವುದರಿಂದ ಸ್ನಾರ್ಕೆಲ್ ಮಾಡುವವರು ದಣಿದಾಗ ಹವಳದ ಮೇಲೆ ನಿಂತುಬಿಡುತ್ತಾರೆ. ಲೈಫ್ ಜಾಕೆಟ್ ಹಾಕಿಕೊಂಡರೆ ನಿಲ್ಲುವ ಅಗತ್ಯವೇ ಬರುವುದಿಲ್ಲ.

ಸನ್‌ಸ್ಕ್ರೀನ್ ಬಗ್ಗೆ ಹೇಳುವುದಾದರೆ, ಆಕ್ಸಿಬೆಂಜೋನ್ ಮತ್ತು ಆಕ್ಟಿನೋಕ್ಸೇಟ್ ಎಂಬ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2018ರಲ್ಲಿ ಕಾನೂನು ಮಾಡಿ 2021ರಿಂದ ನಿರ್ಬಂಧಿಸಿತು. ಪಲಾವು ದೇಶ 2020ರಲ್ಲೇ ಇನ್ನೂ ಬಿಗಿಯಾದ ನಿಷೇಧ ತಂದಿತು. ಪ್ರಯೋಗಾಲಯದಲ್ಲಿ ಇವು ಎಳೆಯ ಹವಳಕ್ಕೆ ಹಾನಿ ಮಾಡುವುದು ಕಂಡಿದೆ. ತೆರೆದ ಸಮುದ್ರದಲ್ಲಿ ಇರುವ ಪ್ರಮಾಣದಿಂದ ಎಷ್ಟು ಹಾನಿ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ನನ್ನ ಸಲಹೆ ಸರಳ: ಬಟ್ಟೆಯಿಂದ ಮುಚ್ಚಿಕೊಳ್ಳಬಹುದಾದ ಚರ್ಮಕ್ಕೆ ಲೇಪನ ಬೇಡ. ತುಂಬುತೋಳಿನ ಈಜುಡುಗೆ, ದೋಣಿಯಲ್ಲಿ ಟೋಪಿ, ಮುಖಕ್ಕೆ ಮಾತ್ರ ಜಿಂಕ್ ಆಕ್ಸೈಡ್ ಇರುವ ಲೇಪನ ಸಾಕು.

ಅತ್ತೆಯವರ ಕೋರಿಕೆಯನ್ನು ಮಾತ್ರ ದಯವಿಟ್ಟು ಈಡೇರಿಸಬೇಡಿ. ವಾಸ್ತು ಮತ್ತು ದೃಷ್ಟಿ ಪರಿಹಾರದ ಹೆಸರಿನಲ್ಲಿ ಚೌಕಟ್ಟು ಹಾಕಿಸಿ ಮಾರುವ ‘ಇಂದ್ರಜಾಲ’ ಒಂದು ಬೇರೋ ಗಿಡವೋ ಅಲ್ಲ. ಅದು ಕಪ್ಪು ಹವಳ ಅಥವಾ ಕಡಲಬೀಸಣಿಗೆ ಎಂಬ ಹವಳದ ಒಣಗಿದ ಅಸ್ಥಿ. ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಕೊಳ್ಳುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ, ಮತ್ತು ಶಿಕ್ಷೆ ಮೂರರಿಂದ ಏಳು ವರ್ಷಗಳ ಸೆರೆವಾಸ. ಕಪ್ಪು ಹವಳದಲ್ಲಿ ಅತಿ ನಿಧಾನವಾಗಿ ಬೆಳೆಯುವ ಜಾತಿಗಳಿವೆ. ಹವಾಯಿಯ ಆಳ ಸಮುದ್ರದಲ್ಲಿ ಸಿಕ್ಕ ಒಂದರ ವಯಸ್ಸು 4,000 ವರ್ಷಕ್ಕೂ ಹೆಚ್ಚು ಎಂದು 2009ರಲ್ಲಿ ಅಳೆದು ತೋರಿಸಿದ್ದಾರೆ. ಅತ್ತೆಯವರಿಗೆ ಕಾನೂನಿನ ಭಯ ಹೇಳುವುದಕ್ಕಿಂತ, ಅದು ಒಂದು ಜೀವಿಯ ಅಸ್ಥಿ ಎಂಬ ಸಂಗತಿಯನ್ನು ಹೇಳಿ ನೋಡಿ; ಬಾಗಿಲಿಗೆ ಅಸ್ಥಿ ಕಟ್ಟಲು ಅವರೇ ಒಪ್ಪಲಾರರು. ಕಡಲತೀರದಲ್ಲಿ ಬಿದ್ದಿರುವ ಹವಳದ ತುಂಡನ್ನೂ ತರಬೇಡಿ. ಖಾಲಿ ಚಿಪ್ಪುಗಳು ಸನ್ಯಾಸಿ ಏಡಿಗಳಿಗೆ ಮನೆಯಾಗುತ್ತವೆ, ಅವನ್ನೂ ಅಲ್ಲಿಯೇ ಬಿಡಿ.

ಕೊನೆಯದಾಗಿ, ಅದೇ ರಾತ್ರಿ ಮೈಸೂರು ಸೇರುವ ಯೋಚನೆಯನ್ನು ಕೈಬಿಡಿ. ನಮ್ಮ ಕಡೆಯ ಪ್ರವಾಸಿಗರಲ್ಲಿ ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಆಳದಲ್ಲಿ ಉಸಿರಾಡುವಾಗ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿಕೊಳ್ಳುತ್ತದೆ, ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅದು ಹೊರಹೋಗುವ ಮುನ್ನವೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಮೈಯೊಳಗೆ ಗುಳ್ಳೆಗಳಾಗಿ ಕೀಲುನೋವು, ಮರಗಟ್ಟುವಿಕೆ, ಅಪರೂಪಕ್ಕೆ ಪಾರ್ಶ್ವವಾಯುವಿನವರೆಗೂ ತೊಂದರೆಯಾಗಬಹುದು. ವಿಮಾನ ಪ್ರಯಾಣಕ್ಕೆ ಒಂದು ಡೈವ್ ಆದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವ್ ಆದರೆ 18 ಗಂಟೆ ಕಾಯಬೇಕೆಂಬ ಮಾರ್ಗಸೂಚಿಯಿದೆ. ಅದು ಅನ್ವಯವಾಗುವುದು ಸುಮಾರು 610 ಮೀಟರಿನಿಂದ 2,400 ಮೀಟರ್‌ವರೆಗಿನ ಎತ್ತರಕ್ಕೆ ಸಮನಾದ ಒತ್ತಡಕ್ಕೆ. ಮೈಸೂರು ಇರುವುದೇ ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬಂದರೆ ದಾರಿಯಲ್ಲಿ ಸಿಗುವ ಮಡಿಕೇರಿ 1,100 ಮೀಟರ್ ದಾಟುತ್ತದೆ, ಶಿರಾಡಿಯ ಮೂಲಕ ಬಂದರೆ ಸಕಲೇಶಪುರ 900 ಮೀಟರಿಗೂ ಮೇಲಿದೆ. ಕಾರಿನಲ್ಲಿ ಬಂದರೂ ರೈಲಿನಲ್ಲಿ ಬಂದರೂ ಘಟ್ಟ ಹತ್ತಲೇಬೇಕು. ಪರಿಚಯದ ಡೈವ್‌ನಂಥ ಕಡಿಮೆ ಆಳದ, ಕಡಿಮೆ ಹೊತ್ತಿನ ಡೈವ್‌ನಲ್ಲಿ ಅಪಾಯ ಸಣ್ಣದೇ ಆದರೂ ಕಾಯದೆ ಹೊರಡಲು ಅದು ಕಾರಣವಲ್ಲ. ಶನಿವಾರ ಬೆಳಿಗ್ಗೆ ಡೈವ್ ಇಟ್ಟುಕೊಂಡು, ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು, ಚೆನ್ನಾಗಿ ನೀರು ಕುಡಿದು, ಭಾನುವಾರ ತಿಂಡಿ ಮುಗಿಸಿಕೊಂಡು ಹೊರಡಿ. ದಾರಿಯಲ್ಲಿ ಯಾರಿಗಾದರೂ ಕೀಲುನೋವು, ಚರ್ಮದಲ್ಲಿ ಜುಮ್ಮೆನಿಸುವಿಕೆ ಅಥವಾ ಅಸಹಜ ಆಯಾಸ ಕಂಡರೆ ಘಟ್ಟ ಹತ್ತುವುದನ್ನು ನಿಲ್ಲಿಸಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಸ್ಕೂಬಾ ಡೈವ್ ಮಾಡಿದ್ದೇವೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ತಿಳಿಸಿ.